ಕಣ್ಣಿನ ಬಣ್ಣ ತಪ್ಪಿದರೆ ನಡೆದೀತು, ಗೊತ್ತಿಲ್ಲದವರ ಬಾಯಲ್ಲಿ ಗುಟ್ಟು ಹಾಕಬೇಡಿ

ಹ್ಯಾರಿ ಪಾಟರ್ ಲೋಕದಲ್ಲೋ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ವೆಸ್ಟೆರೋಸ್‌ನಲ್ಲೋ (‘ಗೇಮ್ ಆಫ್ ಥ್ರೋನ್ಸ್’ ಕಥೆಯ ನಾಡು) ಫ್ಯಾನ್‌ಫಿಕ್ಷನ್, ಅಂದರೆ ಆ ಪಾತ್ರಗಳನ್ನೇ ಇಟ್ಟುಕೊಂಡು ಅಭಿಮಾನಿಗಳು ಹೆಣೆಯುವ ಕಥೆ, ಬರೆಯಲು ಕೂತವರು ಮೊದಲು ಪಾತ್ರಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ಹೆಸರು, ವಯಸ್ಸು, ಕಣ್ಣು, ಕೂದಲು, ಮನೆತನ. ಬೇಕಾದದ್ದೇ. ಆದರೆ ಇಷ್ಟುದ್ದದ ಸರಣಿಗಳ ಮೇಲೆ ಕಟ್ಟಿದ ಕಥೆ ಕುಸಿದು ಬೀಳುವುದು ಕಣ್ಣಿನ ಬಣ್ಣದಿಂದಲ್ಲ. ಒಂದು ಪಾತ್ರಕ್ಕೆ ಆ ಹೊತ್ತಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿಯನ್ನು ಅದರ ಬಾಯಿಂದ ಆಡಿಸಿದಾಗ ಕುಸಿಯುತ್ತದೆ. ಹಾಗಾಗಿ ನನ್ನ ಪ್ರಕಾರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದ ಕಾಲಂಗಳು ಎರಡು: ಈ ಮಾಹಿತಿಯನ್ನು ಹೇಳಿದವರು ಯಾರು, ಇದು ಯಾರಿಗೆ ಯಾವಾಗ ತಿಳಿಯಿತು.

ಮಾರ್ಟಿನ್ ಸರಣಿಯಲ್ಲಿ ವಿಂಟರ್‌ಫೆಲ್ ಕೋಟೆಯ ಹುಡುಗ ಬ್ರಾನ್ ಸ್ಟಾರ್ಕ್ ಬದುಕಿದ್ದಾನೆ ಎಂಬ ಒಂದೇ ಒಂದು ಸಂಗತಿಯನ್ನು ನೋಡಿ. ಎರಡನೆಯ ಸಂಪುಟದಲ್ಲಿ ವಿಂಟರ್‌ಫೆಲ್ ಗೋಡೆಯ ಮೇಲೆ ಪ್ರದರ್ಶನಕ್ಕಿಟ್ಟ ತಲೆಗಳು ಬ್ರಾನ್ ಮತ್ತು ಅವನ ತಮ್ಮ ರಿಕನ್ ಅವರದಲ್ಲ, ಗಿರಣಿಯವನ ಮಕ್ಕಳದು. ಇದು ಕೋಟೆ ಹಿಡಿದ ಥಿಯಾನ್‌ಗೆ ಗೊತ್ತು, ರಾಮ್ಸೆಗೆ ಗೊತ್ತು. ಜೊತೆಗೆ ತಪ್ಪಿಸಿಕೊಂಡ ಓಶಾ, ಹೋಡರ್, ಮೀರಾ, ಜೋಜನ್‌ಗೆ ಗೊತ್ತು. ಮೂರನೆಯ ಸಂಪುಟದಲ್ಲಿ ಸ್ಯಾಮ್‌ವೆಲ್ ಟಾರ್ಲಿ ನೈಟ್‌ಫೋರ್ಟ್‌ನಲ್ಲಿ ಬ್ರಾನ್‌ನನ್ನು ಕಣ್ಣಾರೆ ಕಾಣುತ್ತಾನೆ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾನೆ, ಪ್ರಾಣಸ್ನೇಹಿತ ಜಾನ್ ಎದುರಿಗಿದ್ದರೂ ಬಾಯಿ ಬಿಡುವುದಿಲ್ಲ. ಐದನೆಯದರಲ್ಲಿ ಡಾವೋಸ್‌ಗೆ ವೈಟ್ ಹಾರ್ಬರ್‌ನಲ್ಲಿ ರಿಕನ್ ಬದುಕಿರುವುದು ತಿಳಿಯುತ್ತದೆ. ಜಾನ್, ಸಾನ್ಸಾ, ಆರ್ಯಾ ಮೂವರೂ ತಮ್ಮಂದಿರು ಸತ್ತರೆಂದೇ ನಂಬಿದ್ದಾರೆ. ಬ್ರಾನ್‌ನ ಅಣ್ಣ ರಾಬ್ ತನ್ನ ನಂತರದ ವಾರಸುದಾರನನ್ನು ಗೊತ್ತುಮಾಡಿ ಉಯಿಲು ಬರೆಸಿದ್ದೂ ಆ ತಪ್ಪು ನಂಬಿಕೆಯ ಮೇಲೆಯೇ. ಈಗ ಒಂದು ಫ್ಯಾನ್‌ಫಿಕ್‌ನಲ್ಲಿ ಸಾನ್ಸಾ ಐರಿ ಕೋಟೆಯ ಕಿಟಕಿಯಲ್ಲಿ ನಿಂತು ‘ಬ್ರಾನ್ ಈಗ ಎಲ್ಲಿದ್ದಾನೋ’ ಎಂದು ಯೋಚಿಸಿದಳೆನ್ನಿ. ಒಂದೇ ವಾಕ್ಯಕ್ಕೆ ಮೂಲಕಥೆಯ ದುಃಖದ ಅಡಿಪಾಯವೇ ಕಿತ್ತುಹೋಯಿತು.

ಇದನ್ನು ತಡೆಯಲು ಗೂಗಲ್ ಶೀಟ್‌ನಲ್ಲಿ ಬೇರೆಯೇ ಒಂದು ಹಾಳೆ ತೆರೆಯಿರಿ. ಅಡ್ಡ ಸಾಲಿಗೊಂದು ಗುಟ್ಟು, ಉದ್ದ ಸಾಲಿಗೊಂದು ಪಾತ್ರ. ಎರಡೂ ಸೇರುವ ಚೌಕದೊಳಗೆ ಬರೀ ‘ಹೌದು’ ಎಂದು ಬರೆಯಬೇಡಿ, ತಿಳಿದ ಸಂಪುಟ ಮತ್ತು ಅಧ್ಯಾಯ ಬರೆಯಿರಿ. ಗೊತ್ತು, ಗೊತ್ತಿಲ್ಲ ಎರಡೇ ಸಾಲದು. ‘ಅನುಮಾನವಿದೆ’, ‘ತಪ್ಪಾಗಿ ನಂಬಿದ್ದಾರೆ’ ಎಂಬ ಇನ್ನೆರಡು ಗುರುತು ಬೇಕು, ಏಕೆಂದರೆ ಈ ಸರಣಿಗಳು ನಡೆಯುವುದೇ ನಾಲ್ಕನೆಯದರ ಮೇಲೆ. ಮೂವತ್ತು ಸಾವಿರ ಪದದ ಕಥೆಗೆ ಹತ್ತು ಹದಿನೈದು ಗುಟ್ಟು ಹಾಕಿಕೊಂಡರೆ ಸಾಕು, ಇಡೀ ಸರಣಿಯನ್ನು ತುಂಬಿಸುವ ಅಗತ್ಯವಿಲ್ಲ. ಪ್ರತಿ ದೃಶ್ಯ ಬರೆಯುವ ಮುನ್ನ ಆ ದೃಶ್ಯದಲ್ಲಿರುವವರ ಉದ್ದ ಸಾಲನ್ನಷ್ಟೇ ಓದಿಕೊಳ್ಳಿ.

ಹ್ಯಾರಿ ಪಾಟರ್‌ನಲ್ಲಿ ಇದೇ ತಪ್ಪು ಹಾರ್‌ಕ್ರಕ್ಸ್ (ಖಳ ವೊಲ್ಡೆಮಾರ್ಟ್ ತನ್ನ ಆತ್ಮದ ತುಣುಕನ್ನು ಬಚ್ಚಿಟ್ಟ ವಸ್ತು) ವಿಷಯದಲ್ಲಿ ಪದೇಪದೇ ಆಗುತ್ತದೆ. ಆರನೆಯ ವರ್ಷದಲ್ಲಿ ಅದರ ಬೇಟೆಯ ಸಂಗತಿ ಡಂಬಲ್‌ಡೋರ್, ಹ್ಯಾರಿ, ರಾನ್, ಹರ್ಮಯೋನಿಯ ನಡುವೆಯೇ ಉಳಿದದ್ದು. ಮೆಕ್‌ಗೊನಗಲ್‌ಗೆ ಹೇಳಿಲ್ಲ. ಸ್ನೇಪ್‌ಗೂ ಹೇಳಿಲ್ಲ. ಕೊನೆಯ ಯುದ್ಧದಲ್ಲಿ ಹಾರ್‌ಕ್ರಕ್ಸ್ ಆಗಿದ್ದ ವೊಲ್ಡೆಮಾರ್ಟ್‌ನ ಹಾವನ್ನು ಕೊಲ್ಲಬೇಕೆಂದು ನೆವಿಲ್‌ಗೆ ಹೇಳುವಾಗಲೂ ಹ್ಯಾರಿ ಕಾರಣ ಬಿಡಿಸುವುದಿಲ್ಲ. ನೆವಿಲ್‌ನ ಧೈರ್ಯದ ತೂಕವೇ ಅಲ್ಲಿದೆ: ಏಕೆಂದು ಗೊತ್ತಿಲ್ಲದೆ ಮಾಡಿದ. ಅವನಿಗೆ ಎಲ್ಲ ಗೊತ್ತಿತ್ತು ಎಂದು ಬರೆದರೆ ಆ ಪಾತ್ರದಿಂದ ಏನನ್ನೋ ಕಸಿದಂತೆ.

ಇನ್ನು ಮಾಹಿತಿಯ ಮೂಲ. ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ. ನಿರೂಪಣೆಯಲ್ಲಿ ನೇರವಾಗಿ ಬಂದದ್ದಕ್ಕೆ ‘ಕ’, ಪಾತ್ರವೊಂದು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ‘ಖ’, ಅನುಬಂಧ ಮತ್ತು ವಂಶಾವಳಿಗೆ ‘ಗ’, ಲೇಖಕರ ಸಂದರ್ಶನಕ್ಕೆ ‘ಘ’, ಸಿನಿಮಾ ಧಾರಾವಾಹಿಗೆ ‘ಚ’, ಅಭಿಮಾನಿಗಳ ಊಹೆಗೆ ‘ಛ’, ನೀವೇ ಕಲ್ಪಿಸಿದ್ದಕ್ಕೆ ‘ಸ್ವ’. ಕೊನೆಯದಕ್ಕೆ ಬಣ್ಣವನ್ನೂ ಬೇರೆ ಕೊಡಿ. ಹತ್ತನೆಯ ಕಂತಿನ ಹೊತ್ತಿಗೆ ನಿಮ್ಮದೇ ಕಲ್ಪನೆ ಮೂಲದ್ದೆಂದು ನಿಮಗೇ ಅನಿಸತೊಡಗುತ್ತದೆ. ಅಭಿಮಾನಿಗಳ ಊಹೆ ಇನ್ನೂ ಮೋಸದ್ದು, ನೂರು ಕಥೆಗಳಲ್ಲಿ ಓದಿದ್ದು ಪುಸ್ತಕದಲ್ಲೇ ಓದಿದಂತೆ ನೆನಪಿಗೆ ಬರುತ್ತದೆ.

ಇದಕ್ಕೆ ಬ್ಲೇಸ್ ಜಬೀನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1997ರ ಮೊದಲ ಹ್ಯಾರಿ ಪಾಟರ್ ಪುಸ್ತಕದಲ್ಲಿ, ಮಕ್ಕಳನ್ನು ಶಾಲೆಯ ತಂಡಗಳಿಗೆ ಹಂಚುವ ಟೋಪಿ ಹಾಕಿಸಿಕೊಂಡು ಸ್ಲಿದರಿನ್ ತಂಡಕ್ಕೆ ಹೋದ ಬರೀ ಒಂದು ಹೆಸರು. ಹುಡುಗನೋ ಹುಡುಗಿಯೋ ಗೊತ್ತಿರಲಿಲ್ಲ. ಎಷ್ಟೋ ಕಥೆಗಳು ಬ್ಲೇಸ್‌ನನ್ನು ಹುಡುಗಿಯಾಗಿಸಿದವು. 2005ರ ಆರನೆಯ ಪುಸ್ತಕದಲ್ಲಿ ಬ್ಲೇಸ್ ಎತ್ತರದ ಕಪ್ಪುವರ್ಣದ ಹುಡುಗನಾಗಿ ರೈಲಿನ ಡಬ್ಬಿಯಲ್ಲಿ ಕೂತಿದ್ದ. ಹಳೆಯ ಪಟ್ಟಿಯಲ್ಲಿ ಆ ಸಾಲಿನ ಮುಂದೆ ‘ಸ್ವ’ ಎಂದು ಇದ್ದವರಿಗೆ ಏನೇನು ಬದಲಿಸಬೇಕೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗುರುತು ಹಾಕದವರು ಕಥೆಯನ್ನು ಮೊದಲಿಂದ ಓದುತ್ತಾ ಹುಡುಕಬೇಕು.

‘ಕ’ ಎಂದು ಗುರುತಿಸಿದ್ದೂ ಕಲ್ಲಿನ ಮೇಲಿನ ಗೆರೆಯಲ್ಲ, ಇದನ್ನು ಮರೆಯಬೇಡಿ. ಮಾರ್ಟಿನ್ ಪ್ರತಿ ಅಧ್ಯಾಯವನ್ನೂ ಒಂದು ಪಾತ್ರದ ಕಣ್ಣಿನಿಂದ ಬರೆಯುತ್ತಾರೆ. ಸಾನ್ಸಾ ತನಗೆ ಸ್ಯಾಂಡರ್ ಕ್ಲೆಗೇನ್ ಮುತ್ತು ಕೊಟ್ಟದ್ದನ್ನು ನೆನೆಯುತ್ತಾಳೆ. ಎರಡನೆಯ ಸಂಪುಟದ ಆ ರಾತ್ರಿಯ ದೃಶ್ಯಕ್ಕೆ ಹಿಂತಿರುಗಿ ನೋಡಿದರೆ ಮುತ್ತೇ ಇಲ್ಲ. ಇದು ಬೇಕೆಂದೇ ಮಾಡಿದ್ದು, ಅವಳ ನೆನಪು ಹಾಗೆ ತಿರುಚಿಕೊಂಡಿದೆ. ರಾಬ್‌ನ ಹೆಂಡತಿ ಜೇನ್ ವೆಸ್ಟರ್‌ಲಿಂಗ್ ವಿಷಯ ಬೇರೆ. ಮೂರನೆಯ ಸಂಪುಟದಲ್ಲಿ ಅತ್ತೆ ಕ್ಯಾಟ್ಲಿನ್ ಅವಳ ಸೊಂಟ ಹೆರಿಗೆಗೆ ಒಳ್ಳೆಯದೆಂದು ಎಣಿಸುತ್ತಾಳೆ, ನಾಲ್ಕನೆಯದರಲ್ಲಿ ಜೇಮಿಯ ಕಣ್ಣಿಗೆ ಅದೇ ಹುಡುಗಿಯ ಸೊಂಟ ಕಿರಿದು. ಜೇಮಿ ಕಂಡದ್ದು ಬೇರೊಬ್ಬಳನ್ನೇ ಎಂದು ಊಹೆಯ ಮೇಲೆ ಊಹೆ ಬೆಳೆಯಿತು. ಕೊನೆಗೆ ಅದು ಬರವಣಿಗೆಯಲ್ಲಿ ನುಸುಳಿದ ತಪ್ಪು ಅಷ್ಟೇ. ರೆನ್ಲಿಯ ಕಣ್ಣು ಮೊದಲ ಸಂಪುಟದಲ್ಲಿ ಹಸಿರು, ಮುಂದೆ ನೀಲಿ. ಒಂದು ಕುದುರೆ ಪುಸ್ತಕದಿಂದ ಪುಸ್ತಕಕ್ಕೆ ಗಂಡುಹೆಣ್ಣು ಬದಲಿಸಿಕೊಂಡದ್ದನ್ನು ಮಾರ್ಟಿನ್ ಅವರೇ ಹೇಳಿಕೊಂಡಿದ್ದಾರೆ. ಲೇಖಕರ ಕೈಯಲ್ಲೇ ಹೀಗಾಗುವಾಗ, ಎರಡೂ ಸಾಲನ್ನು ಪಟ್ಟಿಯಲ್ಲಿ ಇಟ್ಟುಕೊಂಡು ‘ಘರ್ಷಣೆ’ ಎಂದು ಗುರುತಿಸಿ, ನಿಮ್ಮ ಕಥೆಗೆ ಯಾವುದನ್ನು ಆರಿಸಿದಿರೆಂದು ಪಕ್ಕದಲ್ಲಿ ಬರೆಯಿರಿ. ಒಂದನ್ನು ಅಳಿಸಿಬಿಡುವುದು ದೊಡ್ಡ ತಪ್ಪು, ಮುಂದಿನ ಸಂಪುಟ ಅಳಿಸಿದ್ದನ್ನೇ ಎತ್ತಿಹಿಡಿಯಬಹುದು.

ಪುಟಸಂಖ್ಯೆ ಬರೆದುಕೊಳ್ಳುವವರಿಗೆ ಒಂದು ಮಾತು: ಅಧ್ಯಾಯವನ್ನೇ ಬರೆದುಕೊಳ್ಳಿ, ಪಕ್ಕದಲ್ಲಿ ಆವೃತ್ತಿ. ಆವೃತ್ತಿ ಬದಲಾದರೆ ಪುಟವಷ್ಟೇ ಅಲ್ಲ, ಸಂಗತಿಯೂ ಬದಲಾಗುತ್ತದೆ. ಮಾರ್ಕಸ್ ಫ್ಲಿಂಟ್ ಎಂಬ ವಿದ್ಯಾರ್ಥಿ ಹ್ಯಾರಿ ಪಾಟರ್‌ನ ಮೊದಲ ಪುಸ್ತಕದ ಹಳೆಯ ಮುದ್ರಣದಲ್ಲಿ ಆರನೆಯ ವರ್ಷದವನು, ಮೂರನೆಯ ಪುಸ್ತಕದಲ್ಲೂ ಶಾಲೆಯಲ್ಲೇ ಇದ್ದಾನೆ. ಏಳು ವರ್ಷದ ಶಾಲೆಯಲ್ಲಿ ಎಂಟನೆಯ ವರ್ಷ! ಮುಂದಿನ ಮುದ್ರಣಗಳಲ್ಲಿ ಅವನನ್ನು ಐದನೆಯ ವರ್ಷಕ್ಕೆ ಇಳಿಸಿದರು. ಇಂಥ ತಪ್ಪುಗಳಿಗೆ ಅಭಿಮಾನಿಗಳು ‘ಫ್ಲಿಂಟ್’ ಎಂದೇ ಹೆಸರಿಟ್ಟಿದ್ದಾರೆ. ಮೊದಲ ಪುಸ್ತಕದ ಟೋಪಿ ದೃಶ್ಯದಲ್ಲಿ ಡೀನ್ ಥಾಮಸ್ ಹೆಸರು ಅಮೆರಿಕದ ಆವೃತ್ತಿಯಲ್ಲಿದೆ, ಬ್ರಿಟಿಷ್ ಮೂಲದಲ್ಲಿಲ್ಲ. ನಾಲ್ಕನೆಯ ಪುಸ್ತಕದ ಸ್ಮಶಾನದಲ್ಲಿ ವೊಲ್ಡೆಮಾರ್ಟ್‌ನ ಮಂತ್ರದಂಡದಿಂದ ಹೊರಬರುವ, ಅವನು ಕೊಂದವರ ನೆರಳುಗಳಲ್ಲಿ ಮೊದಲು ಹ್ಯಾರಿಯ ತಂದೆ ಜೇಮ್ಸ್, ಆಮೇಲೆ ತಾಯಿ ಲಿಲಿ ಎಂದು ಮೊದಲ ಮುದ್ರಣದಲ್ಲಿತ್ತು. ಸತ್ತ ಕ್ರಮದ ತಿರುವುಮುರುವಾಗಿ ಬರಬೇಕಾದ್ದರಿಂದ, ಜೇಮ್ಸ್ ನಂತರ ಸತ್ತ ಲಿಲಿ ಮೊದಲಾಗಬೇಕು. ಮುಂದೆ ತಿದ್ದಿದರು.

ದಿನಾಂಕಗಳ ವಿಷಯಕ್ಕೆ ಬರೋಣ. ಹ್ಯಾರಿ ಪಾಟರ್‌ನ ಇಡೀ ಕಾಲಗಣನೆ ಒಂದು ಗೂಟಕ್ಕೆ ಕಟ್ಟಿದ್ದು: ನಿಕ್ ಎಂಬ ಪ್ರೇತದ ಐನೂರನೆಯ ಮರಣದಿನ, ಸತ್ತದ್ದು 31 ಅಕ್ಟೋಬರ್ 1492. ಹಾಗಾಗಿ ಎರಡನೆಯ ಪುಸ್ತಕ 1992ರಲ್ಲಿ ಶುರು. ಏಳನೆಯದರಲ್ಲಿ ಹ್ಯಾರಿಯ ತಂದೆತಾಯಿಯ ಸಮಾಧಿಯ ಮೇಲಿರುವ 31 ಅಕ್ಟೋಬರ್ 1981 ಇದಕ್ಕೆ ಹೊಂದುತ್ತದೆ. ಇಂಥ ಗೂಟಗಳನ್ನು ಮೊದಲು ನೆಟ್ಟು, ಉಳಿದದ್ದನ್ನು ‘ಅದಾದ ಮೂರು ವಾರಕ್ಕೆ’ ಎಂಬಂತೆ ಅಳೆಯಿರಿ. ನಿಜವಾದ ಕ್ಯಾಲೆಂಡರನ್ನು ಮಾತ್ರ ತಂದು ಕೂರಿಸಬೇಡಿ. ನಾಲ್ಕನೆಯ ಪುಸ್ತಕದಲ್ಲಿ ಪಾಠ ಶುರುವಾಗುವ 2 ಸೆಪ್ಟೆಂಬರ್ 1994 ಸೋಮವಾರ, ನಿಜದಲ್ಲಿ ಅದು ಶುಕ್ರವಾರ. ಅದೇ ಬೇಸಿಗೆಯಲ್ಲಿ ಹ್ಯಾರಿಯ ದೊಡ್ಡಮ್ಮನ ಮಗ ಡಡ್ಲಿ ಪ್ಲೇಸ್ಟೇಷನ್ನನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ, ಆದರೆ ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದೇ ಆ ವರ್ಷದ ಡಿಸೆಂಬರ್‌ನಲ್ಲಿ. ಮೂರನೆಯ ಪುಸ್ತಕದಲ್ಲಿ ಶಿಕ್ಷಕ ಲೂಪಿನ್ ಹುಣ್ಣಿಮೆಗೆ ತೋಳವಾಗುವ ರಾತ್ರಿ 6 ಜೂನ್ 1994. ಆ ವರ್ಷದ ಪಂಚಾಂಗ ತೆಗೆದರೆ ಅಮಾವಾಸ್ಯೆಗೆ ಮೂರು ದಿನ ಬಾಕಿ! ತೋಳಮನುಷ್ಯನ ಕಥೆ ಬರೆಯುವವರು ಪಂಚಾಂಗ ಬಿಟ್ಟು, ಪುಸ್ತಕ ಹೇಳಿದ ಹುಣ್ಣಿಮೆಯಿಂದ ಇಪ್ಪತ್ತೊಂಬತ್ತೂವರೆ ದಿನ ಹಿಂದಕ್ಕೆ ಎಣಿಸಲಿ: ಮೇ 7-8, ಏಪ್ರಿಲ್ 8. ಪುಸ್ತಕದೊಳಗಿನ ಆಕಾಶಕ್ಕೆ ಅದರದೇ ಚಂದ್ರ.

ಮಾರ್ಟಿನ್ ಸರಣಿಯಲ್ಲಿ ನಾಲ್ಕನೆಯ (2005) ಮತ್ತು ಐದನೆಯ (2011) ಸಂಪುಟಗಳು ಬಹುಪಾಲು ಒಂದೇ ಕಾಲದಲ್ಲಿ ನಡೆಯುತ್ತವೆ, ಪಾತ್ರಗಳನ್ನು ಮಾತ್ರ ಊರಿನ ಲೆಕ್ಕದಲ್ಲಿ ಹಂಚಿದ್ದಾರೆ. ಪುಸ್ತಕದ ಕ್ರಮದಲ್ಲೇ ಟೈಮ್‌ಲೈನ್ ಮಾಡಿದರೆ ಎಲ್ಲ ತಲೆಕೆಳಗು. ಜಾನ್ ಸ್ಯಾಮ್‌ನನ್ನು ಓಲ್ಡ್‌ಟೌನ್‌ಗೆ ಕಳಿಸುವ ಮಾತುಕತೆ ಎರಡೂ ಪುಸ್ತಕಗಳಲ್ಲಿ ಇಬ್ಬರ ಕಣ್ಣಿನಿಂದಲೂ ಬಂದಿದೆ. ಅದೇ ಹೊಲಿಗೆಯ ಜಾಗ.

ಮಾರ್ಟಿನ್ ಪುಸ್ತಕದ ಜೊತೆ ಟಿವಿ ಧಾರಾವಾಹಿ ಬೆರೆತದ್ದು ಹೆಸರಿನಲ್ಲೇ ಗೊತ್ತಾಗುತ್ತದೆ. ಆಶಾ ಗ್ರೇಜಾಯ್ ಪುಸ್ತಕದವಳು, ಯಾರಾ ಟಿವಿಯವಳು. ರಾಬ್‌ನ ಹೆಂಡತಿ ಜೇನ್ ಪುಸ್ತಕದವಳು, ಟಲೀಸಾ ಟಿವಿಯವಳು. ಪುಸ್ತಕದ ಟಿರಿಯನ್‌ಗೆ ಬ್ಲ್ಯಾಕ್‌ವಾಟರ್ ಯುದ್ಧದ ನಂತರ ಮೂಗಿನ ಬಹುಭಾಗವೇ ಇಲ್ಲ, ಟಿವಿಯಲ್ಲಿ ಬರೀ ಗಾಯದ ಗುರುತು. ಎರಡನ್ನೂ ಬೆರೆಸುವುದು ತಪ್ಪಲ್ಲ, ಬೆರೆಸಿದ್ದು ಗೊತ್ತಿಲ್ಲದಿರುವುದು ತಪ್ಪು.

ವಸ್ತುಗಳಿಗೂ ಒಂದು ಹಾಳೆ ಇರಲಿ. ಡಾವೋಸ್ ಕೊರಳಲ್ಲಿದ್ದ ಬೆರಳಿನ ಮೂಳೆಗಳ ಚೀಲ ಬ್ಲ್ಯಾಕ್‌ವಾಟರ್‌ನಲ್ಲಿ ಹೋಯಿತು, ಮುಂದಿನ ದೃಶ್ಯದಲ್ಲಿ ಅವನು ಅದನ್ನು ಮುಟ್ಟಿಕೊಳ್ಳಬಾರದು. ಹ್ಯಾರಿಯ ದಂಡ 1997ರ ಕ್ರಿಸ್‌ಮಸ್ ಹೊತ್ತಿಗೆ ಮುರಿಯಿತು. ಆಮೇಲೆ ಹರ್ಮಯೋನಿಯದು, ನಂತರ ರಾನ್ ತಂದ ಕಸಿದ ದಂಡ, ಮಾಲ್ಫಾಯ್ ಬಂಗಲೆಯ ನಂತರ ಡ್ರೇಕೋನದು, ಕೊನೆಗೆ ಎಲ್ಡರ್ ದಂಡದಿಂದ ತನ್ನದನ್ನೇ ಸರಿಮಾಡಿಕೊಂಡ. ಆ ಒಂದು ಸಾಲು ತಪ್ಪಿದರೆ ಏಳನೆಯ ಪುಸ್ತಕದ ಅಂತ್ಯವೇ ಅರ್ಥವಾಗಿಲ್ಲವೆಂದಾಗುತ್ತದೆ, ಏಕೆಂದರೆ ದಂಡದ ಒಡೆತನದ ಮೇಲೆಯೇ ಅಲ್ಲಿ ಎಲ್ಲ ನಿಂತಿದೆ.

ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನವರಿಗಿಲ್ಲದ ಇನ್ನೆರಡು ಕಾಲಂ ಬೇಕೇಬೇಕು. ಮೊದಲನೆಯದು ಸಂಬಂಧ. ಇಂಗ್ಲಿಷಿನಲ್ಲಿ ಆಂಟಿ ಎಂದರೆ ಮುಗಿಯಿತು. ನಮಗೆ ಪೆಟುನಿಯಾ ಲಿಲಿಗೆ ಅಕ್ಕನೋ ತಂಗಿಯೋ ತಿಳಿಯಲೇಬೇಕು. ಅಕ್ಕ, ಆದ್ದರಿಂದ ಹ್ಯಾರಿಗೆ ದೊಡ್ಡಮ್ಮ. ಸ್ಟಾರ್ಕ್ ಮಕ್ಕಳಿಗೆ ಬೆಂಜೆನ್ ಚಿಕ್ಕಪ್ಪ, ಲೈಸಾ ಚಿಕ್ಕಮ್ಮ, ಎಡ್ಮ್ಯೂರ್ ಸೋದರಮಾವ. ಲೈಸಾಳ ಮಗ ರಾಬರ್ಟ್ ಸಾನ್ಸಾಗೆ ನಮ್ಮ ಲೆಕ್ಕದಲ್ಲಿ ತಮ್ಮ. ಆದರೆ ಲೈಸಾ ಅವನಿಗೆ ಸಾನ್ಸಾಳನ್ನು ತಂದುಕೊಳ್ಳಲು ನೋಡುತ್ತಾಳೆ! ವೆಸ್ಟೆರೋಸ್‌ನಲ್ಲಿ ಅದು ಸಾಮಾನ್ಯ ಮದುವೆ, ಕನ್ನಡದಲ್ಲಿ ‘ತಮ್ಮ’ ಎಂದು ಬರೆದ ಕೂಡಲೇ ಓದುಗರಿಗೆ ಬೇರೆಯದೇ ಅರ್ಥ. ಅಂಥ ದೃಶ್ಯಗಳಲ್ಲಿ ‘ಚಿಕ್ಕಮ್ಮನ ಮಗ’ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಏಕವಚನ ಬಹುವಚನ ಮತ್ತು ಕ್ರಿಯಾಪದದ ಲಿಂಗ. ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರನ್ನು ‘ನೀವು’ ಅನ್ನುತ್ತಾರೆ ಎಂಬುದನ್ನು ಒಂದೊಂದು ಜೋಡಿಗೂ ಬರೆದಿಡಿ, ಇಲ್ಲದಿದ್ದರೆ ಮೂರನೆಯ ಕಂತಿನಲ್ಲಿ ಹ್ಯಾಗ್ರಿಡ್‌ಗೆ ‘ನೀನು’, ಆರನೆಯದರಲ್ಲಿ ‘ನೀವು’ ಆಗಿರುತ್ತದೆ. ಬ್ಲೇಸ್‌ನಂಥ ಹೆಸರನ್ನು ಇಂಗ್ಲಿಷಿನಲ್ಲಿ ಎಂಟು ವರ್ಷ ಮುಚ್ಚಿಡಬಹುದು, ಕನ್ನಡದಲ್ಲಿ ‘ಹೋದ’ ಅಥವಾ ‘ಹೋದಳು’ ಅನ್ನಲೇಬೇಕಲ್ಲ? ‘ಬ್ಲೇಸ್ ಜಬೀನಿಗೆ ಸ್ಲಿದರಿನ್ ಸಿಕ್ಕಿತು’ ಎಂದರೆ ನಡೆಯುತ್ತದೆ. ‘-ಗೆ’ ಹಾಕಿ ಕ್ರಿಯೆಯನ್ನು ನಪುಂಸಕಕ್ಕೆ ತಿರುಗಿಸಿದರೆ ಗುಟ್ಟು ಉಳಿಯುತ್ತದೆ.

ಆರ್ಯಾ ಹುಡುಗನ ವೇಷದಲ್ಲಿ ಆರಿ ಎಂಬ ಹೆಸರಿಟ್ಟುಕೊಂಡು ಯೋರನ್ ಜೊತೆ ಉತ್ತರಕ್ಕೆ ನಡೆಯುವ ಭಾಗದಲ್ಲಿ ಮೇಲೆ ಹೇಳಿದ ಎಲ್ಲ ಹಾಳೆಗಳೂ ಒಟ್ಟಿಗೆ ಬೇಕಾಗುತ್ತವೆ. ನಿರೂಪಣೆ ಅವಳ ಕಣ್ಣಿನದು, ಹಾಗಾಗಿ ‘ಅವಳು’. ಜೊತೆಯ ಹುಡುಗರಾದ ಹಾಟ್ ಪೈ, ಲಾಮಿ ಆಡುವ ಮಾತಿನಲ್ಲಿ ‘ಏನೋ’, ‘ಬಾರೋ’. ಯೋರನ್‌ಗೆ ಮೊದಲಿಂದ ಗೊತ್ತು, ಆದರೂ ಎಲ್ಲರೆದುರು ‘ಲೋ’ ಎನ್ನಬೇಕು. ಹುಡುಗರಲ್ಲಿ ಮೊದಲು ತಿಳಿಯುವುದು ಗೆಂಡ್ರಿಗೆ. ಅಂದಿನಿಂದ ಇಬ್ಬರೇ ಇದ್ದಾಗ ಅವನ ಬಾಯಲ್ಲಿ ‘ಏನೋ’ ನಿಲ್ಲಬೇಕು, ಹಾಟ್ ಪೈ ಪಕ್ಕದಲ್ಲಿದ್ದರೆ ಮುಂದುವರಿಯಬೇಕು, ಅವಳು ದೊಡ್ಡ ಮನೆತನದವಳೆಂದು ನೆನಪಾದಾಗ ‘ನೀವು’ ನುಸುಳಬೇಕು. ಆ ದೃಶ್ಯಗಳನ್ನು ಬರೆದು ಮುಗಿಸಿದ ಮೇಲೆ ನಿರೂಪಣೆ ಬಿಟ್ಟು ಬರೀ ಸಂಭಾಷಣೆಗಳನ್ನು ಒಂದು ಸಲ ಓದಿ, ಪ್ರತಿ ‘ಓ’ಕಾರ ‘ಏ’ಕಾರವನ್ನೂ ಗುಟ್ಟುಗಳ ಹಾಳೆಯೊಂದಿಗೆ ಹೋಲಿಸಿ ನೋಡಿ.