ಬಚ್ಚಿಡುವ ಕೆಲಸ ಸರ್ಕಾರಕ್ಕೇ ಬಿಡಿ

ದಬ್ಬಾಳಿಕೆಯ ನಾಡಿನಲ್ಲಿ ಹೊಸದೇನಾದರೂ ಕಂಡುಹಿಡಿದರೆ ಅದನ್ನು ಹಿತ್ತಲಲ್ಲಿ ಹೂಳಬೇಕೋ, ಅಟ್ಟಕ್ಕೆ ಏರಿಸಬೇಕೋ ಎಂದು ಬುದ್ಧಿವಂತರು ತಲೆ ಕೆಡಿಸಿಕೊಳ್ಳುವುದುಂಟು. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ ಈ ರಗಳೆಯೇ ಇರಲಿಲ್ಲ. ಅಲ್ಲಿ ಸರ್ಕಾರ ವಿಜ್ಞಾನಿಯನ್ನೇ ಬಚ್ಚಿಡುತ್ತಿತ್ತು.

ವಿಮಾನ ವಿನ್ಯಾಸಕ ಆಂದ್ರೇ ತುಪೊಲೆವ್ ಅವರನ್ನು 1937ರಲ್ಲಿ ದೇಶದ್ರೋಹಿ ಎಂದು ಒಳಗೆ ಹಾಕಿದರು. ಹಾಕಿದ ಮೇಲೆ ನೆನಪಾಯಿತು: ಹಾಗಾದರೆ ವಿಮಾನ ಮಾಡುವವರು ಯಾರು? ದೇಶದ್ರೋಹಿಯೇ ಮಾಡಲಿ! ಇದಕ್ಕೆಂದೇ ‘ಶರಾಶ್ಕಾ’ ಎಂಬ ಏರ್ಪಾಡಿತ್ತು. ಅರ್ಧ ಜೈಲು, ಅರ್ಧ ಪ್ರಯೋಗಾಲಯ. ಮಾಸ್ಕೋದಲ್ಲಿ ಅವರದೇ ಹಳೆಯ ಕಚೇರಿಯ ಕಟ್ಟಡದ ಕಿಟಕಿಗಳಿಗೆ ಸರಳು ಹಾಕಿಸಿ, ಅಲ್ಲೇ ನಕ್ಷೆ ಬರೆಯಲು ಕೂರಿಸಿದರು. ಊಟ, ವಸತಿ, ಕಾವಲು ಎಲ್ಲ ಪುಕ್ಕಟೆ. ವರ್ಗಾವಣೆಯ ಕಾಟವೂ ಇಲ್ಲ. 1941ರ ಜನವರಿಯಲ್ಲಿ ಬಾಂಬರ್ ಹಾರಿತು, ಅದೇ ವರ್ಷ ತುಪೊಲೆವ್ ಹೊರಬಂದರು. ಮೊದಲು ವಿಮಾನ, ಆಮೇಲೆ ಮನುಷ್ಯ.

ಲೆವ್ ತೆರ್ಮೆನ್ ಕತೆ ಇನ್ನೂ ಸೊಗಸು. ಕೈ ತಾಗಿಸದೆ ನುಡಿಸುವ ವಾದ್ಯವನ್ನು ಕಂಡುಹಿಡಿದು 1922ರಲ್ಲಿ ಲೆನಿನ್ ಎದುರು ನುಡಿಸಿ ತೋರಿಸಿದವರು. 1939ರಲ್ಲಿ ಅವರನ್ನೂ ಹಿಡಿದೊಯ್ದರು. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಹದ್ದಿನ ಲಾಂಛನವನ್ನು ಪ್ರೀತಿಯಿಂದ ಕೊಟ್ಟರಲ್ಲ, ಅದರ ಹೊಟ್ಟೆಯೊಳಗಿದ್ದದ್ದು ಈ ಕೈದಿಯ ಕೈಚಳಕ. ತಂತಿಯಿಲ್ಲ, ಬ್ಯಾಟರಿಯಿಲ್ಲ. ಒಂದು ತೆಳು ಪೊರೆ, ಒಂದು ಪುಟ್ಟ ಆಂಟೆನಾ, ಅಷ್ಟೇ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟರೆ ಎಚ್ಚರವಾಗಿ ಕೋಣೆಯ ಮಾತೆಲ್ಲ ಒಪ್ಪಿಸುತ್ತಿತ್ತು. ಅಲೆ ನಿಲ್ಲಿಸಿದರೆ ಬರೀ ಮರದ ಹದ್ದು. ರಾಯಭಾರಿಯ ನಿವಾಸದ ಗೋಡೆಯ ಮೇಲೆ ಅದು 1952ರವರೆಗೆ ಸುಖವಾಗಿ ನೇತಾಡಿತು. ತೆರ್ಮೆನ್‌ಗೆ 1947ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಹಿಡಿದವರೇ ಹಾರ ಹಾಕಿದರು ಅನ್ನಿ.

ಸರ್ಕಾರಕ್ಕೆ ಬೇಡದ ವಿದ್ಯೆಗೆ ಮಾತ್ರ ಈ ಸೌಲಭ್ಯವಿರಲಿಲ್ಲ. ಲೋಕದ ಹಸಿವು ನೀಗಲೆಂದು ದೇಶ ದೇಶ ತಿರುಗಿ ಬೀಜ ಕೂಡಿಸಿದ ನಿಕೊಲಾಯ್ ವಾವಿಲೋವ್, 1943ರಲ್ಲಿ ಸರಾತೊವ್ ಜೈಲಿನಲ್ಲಿ ಹೊಟ್ಟೆಗಿಲ್ಲದೆ ಸೊರಗಿ ಸತ್ತರು.

ಬಚ್ಚಿಡುವ ಕಲೆ ಪಳಗಿದ್ದು ರಾಕೆಟ್ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೊವ್ ಪಾಲಿಗೆ. 1938ರಲ್ಲಿ ಬಂಧನ, ದೂರದ ಕೊಲಿಮಾದ ಕೈದಿಗಳ ಚಿನ್ನದ ಗಣಿ, ಉದುರಿದ ಹಲ್ಲು, ಆಮೇಲೆ ಶರಾಶ್ಕಾ. 1957ರಲ್ಲಿ ಅವರ ರಾಕೆಟ್ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ಕನ್ನು ಮೇಲಕ್ಕೊಯ್ದಾಗ ಜಗತ್ತೇ ಕತ್ತೆತ್ತಿ ನೋಡಿತು. ಅದರ ಬೀಪ್ ಬೀಪ್ ಹವ್ಯಾಸಿಗಳ ರೇಡಿಯೊಗೂ ಸಿಗುತ್ತಿತ್ತು. ಮಾಡಿದವರ ಹೆಸರು ಮಾತ್ರ ಎಲ್ಲೂ ಸಿಗಲಿಲ್ಲ. ಪತ್ರಿಕೆಗಳಿಗೆ ಅವರು ಬರೀ ‘ಮುಖ್ಯ ವಿನ್ಯಾಸಕ’. ತಾವೇ ಪಕ್ಷದ ಪತ್ರಿಕೆ ಪ್ರಾವ್ದಾಕ್ಕೆ ಬರೆದಾಗಲೂ ‘ಪ್ರೊಫೆಸರ್ ಕೆ. ಸೆರ್ಗೆಯೆವ್’ ಎಂಬ ಸುಳ್ಳು ಹೆಸರು. 1966ರ ಜನವರಿಯಲ್ಲಿ ತೀರಿಕೊಂಡ ಮೇಲೆಯೇ ಫೋಟೊ ಸಮೇತ ನಿಜ ಹೆಸರು ಅಚ್ಚಾಯಿತು. ಆದರೂ ಹಳೆಯ ಚಾಳಿ ಎಲ್ಲಿ ಬಿಡುತ್ತದೆ? ಅವರ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯೊಳಗೆ ಇಟ್ಟು, ಮೇಲೆ ಕಲ್ಲು ಮುಚ್ಚಿದರು.