ಅಪ್ಪ ಮೊದಲ ರೈಲು ಓಡಿಸಿದವರಲ್ಲ: ಒಂದು ಸ್ಪಷ್ಟನೆ

ಮೊನ್ನೆ ತೀರಿಕೊಂಡ ನಮ್ಮ ಅಪ್ಪನ ಫೋಟೋ ಹಾಕಿ "ಕಾರವಾರಕ್ಕೆ ಮೊದಲ ಕೊಂಕಣ ರೈಲು ತಂದ ಡ್ರೈವರ್ ಇನ್ನಿಲ್ಲ" ಅನ್ನೋ ಮೆಸೇಜ್ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಅದು ತಪ್ಪು. ಅಪ್ಪ ಡ್ರೈವರ್ ಅಲ್ಲ, ಗ್ಯಾಂಗ್‌ಮನ್. ಲೋಂಡಾ, ಅಳ್ನಾವರ ಕಡೆ ಮಳೆ ಚಳಿ ಅನ್ನದೆ ಹಳಿ ನೋಡಿಕೊಂಡು, ರಜೆ ಸಿಕ್ಕಾಗ ಬಸ್ಸಿನಲ್ಲಿ ಘಟ್ಟ ಇಳಿದು ನಮಗೆ ಧಾರವಾಡ ಪೇಢೆ ತರುತ್ತಿದ್ದರು. ಪೆನ್ಷನ್ ಪುಸ್ತಕದಲ್ಲಿ ನಿವೃತ್ತಿ 1994 ಅಂತಿದೆ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಶುರುವಾಗಿದ್ದು 1998ರ ಜನವರಿ 26ಕ್ಕೆ. ಆಮೇಲೆ ಕಾರವಾರದ ಶಿರವಾಡ ಸ್ಟೇಷನ್ನಿಗೆ ರೈಲು ನೋಡಲು ಹೋಗಿದ್ದರು, ಅಷ್ಟೇ (ರೈಲಿಗಿಂತ ಜಾಸ್ತಿ ಹೊತ್ತು ಹಳಿಯನ್ನೇ ನೋಡಿದ್ದರು ಬಿಡಿ). ಇದನ್ನು ನಾನೇ ಫೋನಿನಲ್ಲಿ ಹೇಳಿದ್ದೆ, ಬಾಯಿಂದ ಬಾಯಿಗೆ ಹೋಗಿ ಹೀಗಾಗಿದೆ. ಯಾರ ಮೇಲೂ ಬೇಜಾರಿಲ್ಲ. ದಯವಿಟ್ಟು ಅದನ್ನು ಇನ್ನು ಫಾರ್ವರ್ಡ್ ಮಾಡಬೇಡಿ.