ಹಂಡೆ ನೋಡಿ ಬಾಯ್ಲರ್ ಕೊಳ್ಳಬೇಡಿ, ಒಲೆ ನೋಡಿ ಕೊಳ್ಳಿ

ಮಂಡ್ಯ ಕಡೆ ಯಾರು ಹೊಸ ಮನೆ ಕಟ್ಟಿಸಿದರೂ ಬಚ್ಚಲಿನ ವಿಷಯಕ್ಕೆ ಬಂದಾಗ ಒಂದು ಚರ್ಚೆ ಖಾಯಂ. ತಾಮ್ರದ ಬಾಯ್ಲರ್ ಹಾಕಿಸೋದಾ, ಸ್ಟೀಲ್ ಬಾಯ್ಲರ್ ಹಾಕಿಸೋದಾ? ಎಷ್ಟು ಗೇಜು, ಎಷ್ಟು ಲೀಟರು? ಅಂಗಡಿಗೆ ಹೋದರೆ ಅಲ್ಲೂ ಅದೇ ಮಾತು. ಬೆರಳಲ್ಲಿ ತಟ್ಟಿ ನೋಡುತ್ತಾರೆ, ತೂಕ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಉರಿ ಎಲ್ಲಿ ಉರಿಯುತ್ತೆ, ಗಾಳಿ ಎಲ್ಲಿಂದ ಬರುತ್ತೆ ಅಂತ ಬಗ್ಗಿ ನೋಡುವವರು ಕಡಿಮೆ. ನನ್ನ ತಕರಾರು ಇರುವುದು ಇಲ್ಲೇ. ಹೊಗೆ ಕಡಿಮೆ ಆಗೋದು, ಸೌದೆ ಉಳಿಯೋದು ಹಂಡೆಯಿಂದಲ್ಲ. ಉರಿ ಇರುವ ಗೂಡಿನಿಂದ, ಮತ್ತೆ ಒಣಗಿದ ಸೌದೆಯಿಂದ. ತಾಮ್ರವೋ ಸ್ಟೀಲೋ ಅನ್ನೋದು ಆಮೇಲಿನ ಮಾತು.

ಸ್ವಲ್ಪ ಲೆಕ್ಕ ಹಾಕೋಣ. ನಾಲ್ಕು ಜನರ ಮನೆ, ತಲೆಗೆ 20 ಲೀಟರಿನ ಒಂದು ಬಕೆಟ್ ಹದವಾದ ಬಿಸಿನೀರು ಅಂದುಕೊಳ್ಳಿ. ಚಳಿಗಾಲದಲ್ಲಿ ತೊಟ್ಟಿ ನೀರು 22 ಡಿಗ್ರಿ ಇದ್ದರೆ ಅದನ್ನು 42ಕ್ಕೆ ಏರಿಸಬೇಕು. ಅದಕ್ಕೆ ಬೇಕಾಗುವ ಶಾಖ ಕರೆಂಟಿನ ಲೆಕ್ಕದಲ್ಲಿ ಎರಡು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಒಂದು ಕೆ.ಜಿ. ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತೆ. ಅಂದರೆ ಅರ್ಧ ಕೆ.ಜಿ. ಸೌದೆಯಲ್ಲಿ ಮನೆಮಂದಿಯ ಸ್ನಾನ ಮುಗಿಯಬೇಕು ತಾನೇ? ಮುಗಿಯಲ್ಲ. ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿ ಹಾಕಿದರೆ ಶಾಖದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಮಾತ್ರ ನೀರಿಗೆ ಹೋಗುತ್ತೆ, ಮಿಕ್ಕಿದ್ದೆಲ್ಲ ಗಾಳಿಪಾಲು. ಆಗ ನಾಲ್ಕು ಕೆ.ಜಿ. ಬೇಕು. ಗೂಡು ಸರಿಯಾಗಿ ಕಟ್ಟಿ ನೂರಕ್ಕೆ 40ರಷ್ಟು ಶಾಖ ನೀರಿಗೆ ಹೋಗುವ ಹಾಗೆ ಮಾಡಿದರೆ ಒಂದು ಕೆ.ಜಿ. ಚಿಲ್ಲರೆ ಸಾಕು. ಅದೇ ನೀರು, ಅದೇ ಸ್ನಾನ, ಸೌದೆ ಮಾತ್ರ ಕಾಲು ಭಾಗ.

ಸೌದೆ ಉರಿಯುವುದು ಅಂದರೆ ಕಟ್ಟಿಗೆಯೇ ಉರಿಯುವುದಲ್ಲ. ಬಿಸಿ ಆದಾಗ ಮೊದಲು ಅದರಲ್ಲಿನ ನೀರು ಹೋಗುತ್ತೆ. ಆಮೇಲೆ ಕಟ್ಟಿಗೆ ಒಡೆದು ಅನಿಲ ಹೊರಡುತ್ತೆ. ಒಣ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೀಗೆ ಅನಿಲವಾಗಿ ಹೋಗುವುದೇ. ಆ ಅನಿಲ ಪೂರ್ತಿ ಉರಿಯಬೇಕಾದರೆ 600 ಡಿಗ್ರಿಗೂ ಮೇಲಿನ ಕಾವು ಬೇಕು, ಗಾಳಿ ಬೇಕು, ಎರಡೂ ಬೆರೆಯಲು ಸ್ವಲ್ಪ ಜಾಗವೂ ಹೊತ್ತೂ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ಅನಿಲ ಹೊಗೆ ಆಗುತ್ತೆ, ಮಸಿ ಆಗುತ್ತೆ, ಅಂಟು ಟಾರು ಆಗುತ್ತೆ. ಕಣ್ಣಿಗೆ ಉರಿ ಬರಿಸುವ ಹೊಗೆ ಅಂದರೆ ನಾವೇ ಕಡಿದು, ಹೊತ್ತು ತಂದು, ಉರಿಸದೆ ಬಿಟ್ಟ ಸೌದೆ.

ಈಗ ಹಂಡೆ ಕಡೆ ನೋಡಿ. ಒಳಗೆ ನೀರಿದೆ ಅಂದಮೇಲೆ ಅದರ ಗೋಡೆ ಎಷ್ಟೇ ಉರಿ ಹಾಕಿದರೂ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ. ಎಳೆ ಉರಿ ಹೋಗಿ ಆ ತಣ್ಣನೆ ಗೋಡೆಗೆ ತಾಗಿದರೆ ಅಲ್ಲೇ ಸತ್ತುಹೋಗುತ್ತೆ. ಉರಿಯ ಸುತ್ತ ನೀರು ಇದ್ದಷ್ಟೂ ಶಾಖ ಜಾಸ್ತಿ ಸಿಗುತ್ತೆ ಅಂತ ಮಾರುವವರು ಹೇಳುತ್ತಾರೆ. ಅರ್ಧ ನಿಜ. ಪೂರ್ತಿ ಉರಿದು ಮುಗಿದ ಬಿಸಿ ಗಾಳಿಗೆ ಸುತ್ತ ನೀರಿರಬೇಕು. ಇನ್ನೂ ಉರಿಯುತ್ತಿರುವ ಬೆಂಕಿಗೆ ಸುತ್ತ ಇಟ್ಟಿಗೆ ಇರಬೇಕು. ಮೊದಲು ಉರಿಯಲಿ, ಆಮೇಲೆ ನೀರು ಕಾಯಲಿ. ನಾನು ಹೇಳಬೇಕು ಅಂತಿರುವುದು ಇಷ್ಟೇ.

ನಮ್ಮ ಕಡೆ ಗುಜರಾತ್ ಬಾಯ್ಲರ್ ಅಂತ ಕರೆಯುವ ಸಾಮಾನು ಎಲ್ಲರಿಗೂ ಗೊತ್ತು. ಕೆಳಗೆ ಉರಿ, ನಡುವೆ ಮೇಲಕ್ಕೆ ಹೋಗುವ ಕೊಳವೆ, ಕೊಳವೆ ಸುತ್ತ ನೀರು. ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ತೆಂಗಿನ ಚಿಪ್ಪು, ರೇಷ್ಮೆ ಕಡ್ಡಿ (ಹಿಪ್ಪುನೇರಳೆ ಕಡ್ಡಿ) ಹಾಕಿದರೂ ಬೇಗ ಬಿಸಿನೀರು ಕೊಡುತ್ತೆ, ಜಾಗ ತಿನ್ನಲ್ಲ. ಆದರೆ ಬಹಳಷ್ಟರಲ್ಲಿ ಉರಿಗೂ ನೀರಿಗೂ ನಡುವೆ ಒಂದು ಗೇಣು ಕೂಡ ಇರಲ್ಲ. ಹೊತ್ತಿಸಿದ ಹೊಸದರಲ್ಲಿ ಹೊಗೆಯೋ ಹೊಗೆ. ಕೊಳ್ಳುವಾಗ ಕೆಳಗಿನ ಗೂಡು ಎತ್ತರ ಇರುವುದನ್ನು ಆರಿಸಿ. ಜಾಲರಿ ಇರಲೇಬೇಕು. ಸೌದೆ ಬೂದಿ ಮೇಲೆ ಕೂರಬಾರದು, ಕೆಳಗಿನಿಂದ ಗಾಳಿ ಆಡಬೇಕು. ಬೂದಿ ತೆಗೆಯಲು ಬೇರೆ ಬಾಯಿ ಇದ್ದರೆ ಇನ್ನೂ ಒಳ್ಳೆಯದು. ಗೂಡಿನ ಒಳಗೆ ಫೈರ್ ಬ್ರಿಕ್, ಅಂದರೆ ಉರಿಯ ಕಾವು ತಡೆಯುವ ಇಟ್ಟಿಗೆ, ಕೂರಿಸಲು ಜಾಗ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಕಟ್ಟಿಸಿಕೊಳ್ಳುವವರಿಗೆ ಇನ್ನೂ ಒಳ್ಳೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೇ ಅಂತ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಅಸ್ತ್ರ ಒಲೆ ಬಂದಿದ್ದು ಅಲ್ಲಿಂದಲೇ. ಮುಚ್ಚಿದ ಗೂಡು, ಜಾಲರಿ, ಅಳತೆಯ ಗಾಳಿ, ಹೊಗೆಕೊಳವೆ ಅದರ ಲಕ್ಷಣ. 1980ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾರಿ ವಿನಿಯಾರ್ಸ್ಕಿ ಅನ್ನುವವರು ರಾಕೆಟ್ ಒಲೆ ಅಂತ ಮಾಡಿದರು. ಮಂಡಿ ಮಡಚಿದ ಹಾಗಿರುವ ಗೂಡು, ಸುತ್ತ ಶಾಖ ಹೊರಗೆ ಬಿಡದ ಪದರ. ಉರಿ ಒಳಗೇ ಬಲಿತು ಆಮೇಲೆ ಪಾತ್ರೆ ಮುಟ್ಟುತ್ತೆ.

ಆ ಪದರಕ್ಕೆ ಅಂತ ದುಬಾರಿ ಸಾಮಾನು ಹುಡುಕಬೇಕಿಲ್ಲ, ನಮ್ಮ ಜಿಲ್ಲೆಯಲ್ಲಿ ರೈಸ್ ಮಿಲ್ಲುಗಳಿಗೆ ಬರವೇ? ಭತ್ತದ ಹೊಟ್ಟಿನ ಬೂದಿ ಶಾಖ ತಡೆಯುವುದರಲ್ಲಿ ಎತ್ತಿದ ಕೈ. ಫೈರ್ ಬ್ರಿಕ್ ಗೂಡಿಗೂ ಹೊರಗಿನ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟು ಅದನ್ನು ತುಂಬಿಸಿದರೆ ಆಯಿತು. ನಮ್ಮನೆಯದು ಹಾಗೇ ಇದೆ, ಮೇಲೆ ಹಳೇ ತಾಮ್ರದ ಹಂಡೆಯೇ ಕೂತಿದೆ. ತುಂಬುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಾರೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳಿ. ಗೂಡಿನ ಬಾಯಿ ಎಷ್ಟಿದೆಯೋ ಅಲ್ಲಿಂದ ಕೊಳವೆ ತನಕ ದಾರಿ ಎಲ್ಲೂ ಅದಕ್ಕಿಂತ ಇಕ್ಕಟ್ಟಾಗಬಾರದು. ಹಂಡೆ ಸುತ್ತ ಸಂದು ತೀರಾ ಕಿರಿದಾದರೆ ಹೊಗೆ ಮುಖಕ್ಕೇ ವಾಪಸ್ ಬರುತ್ತೆ.

ಇನ್ನು 'ಹೊಗೆರಹಿತ' ಅನ್ನುವ ಬೋರ್ಡು. ಹೊಗೆಕೊಳವೆ ಇದ್ದರೆ ಹೊಗೆ ಇಲ್ಲ ಅಂತಲ್ಲ, ಮನೆಯೊಳಗೆ ಇಲ್ಲ ಅಷ್ಟೇ. ಅದೂ ದೊಡ್ಡ ಉಪಕಾರವೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಶುದ್ಧವಾಗಿ ಉರಿಯುವ ಒಲೆ ಬೇರೆ, ಹೊಗೆಯನ್ನು ಪಕ್ಕದ ಮನೆ ಕಿಟಕಿಗೆ ಸಾಗಿಸುವ ಒಲೆ ಬೇರೆ, ಅಲ್ವಾ? ಅಂಗಡಿಯಲ್ಲಿ ಆಗಲಿ, ಹಾಕಿಸಿಕೊಂಡವರ ಮನೆಯಲ್ಲಿ ಆಗಲಿ, ಉರಿಸಿ ತೋರಿಸಿ ಅನ್ನಿ. ಹತ್ತು ನಿಮಿಷ ಆದಮೇಲೆ ಕೊಳವೆ ತುದಿ ನೋಡಿ. ಬಿಳಿ ಹೊಗೆ ದಟ್ಟವಾಗಿದ್ದರೆ ಸೌದೆ ಹಸಿ ಅಥವಾ ಗೂಡು ತಣ್ಣಗಿದೆ. ಕಪ್ಪು ಇದ್ದರೆ ಗಾಳಿ ಸಾಲದು. ಬರೀ ಬಿಸಿಗಾಳಿ ನಡುಗುವುದು ಕಾಣಿಸಿದರೆ ಅದು ಒಲೆ. ಉರಿಸಿ ತೋರಿಸಲು ಒಪ್ಪದವರ ಹತ್ತಿರ ನಾನಂತೂ ಕೊಳ್ಳಲ್ಲ.

ಸುರಕ್ಷತೆ ವಿಷಯದಲ್ಲಿ ಎರಡೇ ಮಾತು, ಆದರೆ ಎರಡೂ ಪ್ರಾಣದ ಪ್ರಶ್ನೆ. ನೀರು ಹಬೆಯಾದರೆ 1600 ಪಟ್ಟಿಗೂ ಹೆಚ್ಚು ಹಿಗ್ಗುತ್ತೆ. ಮುಚ್ಚಿದ ಬಾಯ್ಲರಿನಲ್ಲಿ ಅದಕ್ಕೆ ದಾರಿ ಇರದಿದ್ದರೆ ಬಾಯ್ಲರೇ ಸಿಡಿಯುತ್ತೆ. ಮೇಲೆ ಗಾಳಿಗೆ ತೆರೆದ ಪೈಪು ಇರಬೇಕು. ಆ ಪೈಪಿಗೆ ವಾಲ್ವು ಹಾಕಬಾರದು, ನೀರು ಚೆಲ್ಲುತ್ತೆ ಅಂತ ಬಿರಡೆ ತುರುಕಬಾರದು. ಎರಡನೆಯದು, ಒಲೆ ಬಾಯಿ ಬಚ್ಚಲ ಒಳಗೆ ಬೇಡ. ಹಳೇ ಮನೆಗಳಲ್ಲಿ ಉರಿ ಹಾಕುವುದು ಹಿತ್ತಲ ಕಡೆಯಿಂದ, ನೀರು ಮೊಗೆಯುವುದು ಒಳಗಿನಿಂದ ಇರುತ್ತಿತ್ತು. ಎಷ್ಟು ಜಾಣತನ! ಬಾಗಿಲು ಹಾಕಿದ ಬಚ್ಚಲಲ್ಲಿ ಕೆಂಡ ಉಳಿದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲವಲ್ಲ ಅಂತ ಧೈರ್ಯ ಮಾಡುವ ಹಾಗೇ ಇಲ್ಲ.

ಸೌದೆ ಬಗ್ಗೆ ಹೇಳದೆ ಬಿಟ್ಟರೆ ಮೇಲಿನದೆಲ್ಲ ದಂಡ. ಹಸಿ ಸೌದೆಯ ತೂಕದಲ್ಲಿ ಅರ್ಧ ನೀರೇ ಇರಬಹುದು. ಅಂಥ ಒಂದು ಕೆ.ಜಿ.ಯಲ್ಲಿ ಸಿಗುವ ಶಾಖ ಒಣ ಸೌದೆಯ ಅರ್ಧಕ್ಕೆ ಇಳಿಯುತ್ತೆ, ಗೂಡೂ ತಣ್ಣಗಾಗುತ್ತೆ. ಆಲೆಮನೆ ಮುಂದೆ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವಿರುತ್ತಾರಲ್ಲ, ಸುಮ್ನೆ ಹರವಿರಲ್ಲ. ಕೊಪ್ಪರಿಗೆ ಕುದಿಸುವವರಿಗೆ ಗೊತ್ತಿರುವ ವಿದ್ಯೆ ಬಚ್ಚಲಿಗೆ ಮಾತ್ರ ಯಾಕೆ ಬೇಡವಾಯಿತೋ. ಸಂಕ್ರಾಂತಿ ಕಳೆದ ಮೇಲೆ ಕಡಿದು, ಆಗಲೇ ಸೀಳಿ, ಶಿವರಾತ್ರಿ ಯುಗಾದಿಯ ಬಿಸಿಲು ಪೂರ್ತಿ ಕುಡಿಸಿ, ಮುಂಗಾರಿಗೆ ಮುಂಚೆ ಸೂರಿನ ಕೆಳಗೆ ಪೇರಿಸಿ. ನೆಲಕ್ಕೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ ಇಡಿ. ಮಣಿಕಟ್ಟಿನ ದಪ್ಪಕ್ಕೆ ಸೀಳಿದರೆ ಒಣಗುವುದೂ ಬೇಗ, ಉರಿಯುವುದೂ ಚೆನ್ನ. ಒಣಗಿದೆಯಾ ಅಂತ ಅನುಮಾನ ಇದ್ದರೆ ಒಂದು ಸೀಳನ್ನು ತೂಗಿ ಗುರುತು ಹಾಕಿ, ಒಂದು ವಾರ ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ಕಾಯಬೇಕು.

ಹುಣಸೆ, ಜಾಲಿ ನಿಧಾನಕ್ಕೆ ಉರಿದು ಒಳ್ಳೆ ಕೆಂಡ ಬಿಡುತ್ತವೆ. ರೇಷ್ಮೆ ಕಡ್ಡಿ ಹೊತ್ತಿಸಲು ಸೊಗಸು. ತೆಂಗಿನ ಚಿಪ್ಪು ಬಿರುಸು ಉರಿ, ಒಂದೆರಡು ಸಾಕು. ಕಬ್ಬಿನ ತರಗನ್ನು ಮಾತ್ರ ಗೂಡಿಗೆ ತುರುಕಬೇಡಿ, ಭಗ್ ಅಂತ ಹೊತ್ತಿ ಹೊಗೆ ಕಾರಿ ಮುಗಿದುಹೋಗುತ್ತೆ. ಗದ್ದೆಯಲ್ಲೇ ಮುಚ್ಚಿಗೆ ಆಗಲಿ ಬಿಡಿ. ಪ್ಲಾಸ್ಟಿಕ್ ಕವರು, ಹಳೇ ಚಪ್ಪಲಿ, ಟೈರು ಹಾಕಿ ಒಲೆ ಹೊತ್ತಿಸುವ ಅಭ್ಯಾಸಕ್ಕೆ ನನ್ನ ಹತ್ತಿರ ಒಳ್ಳೆ ಮಾತಿಲ್ಲ.

ನಿರ್ವಹಣೆಗೆ ಬರೋಣ. 80ರ ದಶಕದಲ್ಲಿ ಸರ್ಕಾರದ ಯೋಜನೆಯಲ್ಲಿ ಊರೂರಲ್ಲಿ ಹೊಗೆರಹಿತ ಒಲೆ ಕಟ್ಟಿಸಿದರು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡ ಮೇಲೆ ತೆಗೆಯುವವರಿಲ್ಲದೆ ಎಷ್ಟೋ ಒಲೆ ಮೂಲೆ ಸೇರಿದವು. ಕಟ್ಟಿಸಿದಷ್ಟೇ ಮುಖ್ಯ ಗುಡಿಸುವುದು. ಜಾಲರಿ ಕೆಳಗಿನ ಬೂದಿ ದಿನಾ ತೆಗೆಯಬೇಕು. ತುಂಬಿದರೆ ಗಾಳಿ ನಿಲ್ಲುತ್ತೆ, ಜಾಲರಿಯೂ ಸುಟ್ಟು ಬಾಗುತ್ತೆ. ಕೊಳವೆಗೆ ತಿಂಗಳಿಗೊಮ್ಮೆ ಬ್ರಷ್ ಆಡಿಸಿ, ಬರುವ ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಒಣಗಿ ಪುಡಿಪುಡಿ ಇದ್ದರೆ ಸರಿ. ಹೊಳೆಯುತ್ತಾ ಅಂಟಿಕೊಂಡರೆ ಅದು ಟಾರು. ಅದು ಕೊಳವೆಯಲ್ಲೇ ಹೊತ್ತಿಕೊಳ್ಳಬಹುದು. ತಪ್ಪು ಬ್ರಷ್‌ದಲ್ಲ, ಸೌದೆ ಹಸಿಯಾಗಿದೆ ಅಥವಾ ಗಾಳಿಬಾಯಿ ಮುಚ್ಚಿದೆ. ಕೊಳವೆಯ ಮೊದಲ ಕೆಲವು ಅಡಿ ಕಬ್ಬಿಣದ್ದೇ ಇರಲಿ, ಸಿಮೆಂಟ್ ಪೈಪು ಉರಿಯ ಹತ್ತಿರ ಬಿರುಕು ಬಿಡುತ್ತೆ. ನೀರಿಲ್ಲದೆ ಉರಿ ಹಾಕಿದರೆ ಬೆಸುಗೆ ಬಿಟ್ಟುಕೊಳ್ಳುತ್ತೆ, ಇದು ಎಲ್ಲರಿಗೂ ಗೊತ್ತು, ಆದರೂ ಆಗುತ್ತೆ.

ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಕಾಟ ಇದೆ. ಗಡಸು ನೀರು ಕಾದಾಗ ಒಳಗೆ ಬಿಳಿ ಸುಣ್ಣದ ಪದರ ಕೂರುತ್ತೆ. ಅದು ಶಾಖ ಬಿಡಲ್ಲ. ಸೌದೆ ಮೊದಲಿನಷ್ಟೇ ಹಾಕಿದರೂ ನೀರು ಕಾಯುವುದು ತಡ ಆಗುತ್ತೆ. ಹುಣಸೆಹಣ್ಣಿನ ನೀರೋ ವಿನೆಗರೋ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿಕ್ಕಿದರೆ ಬಿಡುತ್ತೆ. ನಮ್ಮ ಹಿರಿಯರು ಇದಕ್ಕೆ ಒಂದು ಹಬ್ಬವನ್ನೇ ಇಟ್ಟಿದ್ದಾರೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಸುತ್ತಿ ಹೊಸ ನೀರು ತುಂಬುತ್ತೇವೆ. ಅವತ್ತೇ ಕೊಳವೆ, ಜಾಲರಿ, ತೆರೆದ ಪೈಪು ಎಲ್ಲ ನೋಡಿಬಿಟ್ಟರೆ ಚಳಿಗಾಲಕ್ಕೆ ಒಲೆ ಸಿದ್ಧ. ಮುಚ್ಚಿದ ಬಾಯ್ಲರಿಗೆ ಮಾತ್ರ ಈ ಭಾಗ್ಯ ಇಲ್ಲ, ಒಳಗೆ ಕೈ ಹೋಗಲ್ಲ. ಆದ್ದರಿಂದ ಗಡಸು ನೀರಿನವರು ಬಾಯಿ ತೆರೆಯುವ ಹಂಡೆಯನ್ನೇ ಇಟ್ಟುಕೊಳ್ಳುವುದು ಲೇಸು.

ಎಲ್ಲರೂ ಸೌದೆ ಒಲೆ ಹಾಕಿಸಿ ಅನ್ನುತ್ತಿಲ್ಲ. ಮೈಸೂರಿನಲ್ಲಿ 30-40 ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಂಡವರು ದಯವಿಟ್ಟು ಬೇಡ. ಹೊತ್ತಿಸುವಾಗಿನ ಹೊಗೆ ಎಂಥ ಒಳ್ಳೆ ಒಲೆಗೂ ತಪ್ಪಿದ್ದಲ್ಲ, ಅದು ಪಕ್ಕದವರ ಒಣ ಬಟ್ಟೆಗೇ ಹೋಗುತ್ತೆ. ಅಲ್ಲಿ ಸೋಲಾರ್ ಹಾಕಿಸಿ, ಮೋಡದ ದಿನಕ್ಕೆ ಗೀಸರ್ ಇರಲಿ. ಗೃಹಜ್ಯೋತಿ ಇದೆಯಲ್ಲ ಅನ್ನುವವರು ಒಂದು ನೆನಪಿಡಿ. ಉಚಿತ ಯೂನಿಟ್ ನಿಗದಿ ಆಗಿರುವುದು ನಿಮ್ಮ ಹಿಂದಿನ ಬಳಕೆ ನೋಡಿ. ಹೊಸದಾಗಿ ಗೀಸರ್ ಹಾಕಿದರೆ ದಿನಕ್ಕೆ ಎರಡು ಯೂನಿಟ್ ಅಂದರೂ ತಿಂಗಳಿಗೆ 60 ಏರುತ್ತೆ. ತೋಟದ ಮನೆಯವರ ಲೆಕ್ಕವೇ ಬೇರೆ. ಮಟ್ಟೆ, ಚಿಪ್ಪು, ಕಡ್ಡಿ ಕಣ್ಣೆದುರಿಗೇ ಬಿದ್ದಿರುತ್ತೆ.

ಇನ್ನೊಂದು. ಬಾಯ್ಲರ್ ಆರಿಸಲು ಅಂಗಡಿಗೆ ಹೋಗುವವರು ಗಂಡಸರು. ಬೆಳಿಗ್ಗೆ ಎದ್ದು ಉರಿ ಹಾಕುವವರು ಅಮ್ಮನೋ ಹೆಂಡತಿಯೋ. ಒಲೆ ಬಾಯಿ ಎಷ್ಟು ಎತ್ತರಕ್ಕಿರಬೇಕು, ಬೂದಿ ಡಬ್ಬಿ ಕೈಗೆ ಸಿಗುತ್ತಾ, ಬಗ್ಗಿ ಊದಬೇಕಾ ಅನ್ನುವುದೆಲ್ಲ ಅವರಿಗೆ ಗೊತ್ತು. ಅವರನ್ನೂ ಕರೆದುಕೊಂಡು ಹೋಗಿ. ನಮ್ಮಮ್ಮ ನಮ್ಮ ಒಲೆ ಬಾಯಿಯನ್ನು ಎರಡು ಇಟ್ಟಿಗೆ ಎತ್ತರಿಸಿ ಅಂತ ಹಟ ಮಾಡಿ ಕಟ್ಟಿಸಿದರು, ಈಗ ಸ್ಟೂಲಿನ ಮೇಲೆ ಕೂತೇ ಉರಿ ಹಾಕುತ್ತಾರೆ.

ಬೂದಿ ಎಲ್ಲಿ ಹಾಕೋದು ಅಂತ ಕೇಳುತ್ತೀರಿ. ತೆಂಗಿಗೆ, ಬಾಳೆಗೆ ಸ್ವಲ್ಪ ಸ್ವಲ್ಪ ಹಾಕಬಹುದು, ಪೊಟ್ಯಾಶ್ ಇರುತ್ತೆ. ಆದರೆ ಬೂದಿ ಕ್ಷಾರ. ನಾಲೆ ಬಯಲಿನಲ್ಲಿ ಸೌಳು ಹಿಡಿದ ಗದ್ದೆ ಇರುವವರು ಅಲ್ಲಿಗೆ ಹಾಕಬೇಡಿ, ಇರುವ ರೋಗ ಜಾಸ್ತಿ ಆಗುತ್ತೆ. ಮತ್ತೆ ಅವತ್ತಿನ ಬೂದಿಯನ್ನು ಅವತ್ತೇ ತಿಪ್ಪೆಗೆ ಸುರಿಯಬೇಡಿ. ಒಳಗೆ ಕೆಂಡ ಮರುದಿನದ ತನಕ ಜೀವ ಹಿಡಿದಿರುತ್ತೆ. ಮುಚ್ಚಳ ಇರುವ ಕಬ್ಬಿಣದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಿ.